ಹತ್ತೊಂಬತ್ತನೆಯ ದಿನದ ಕಾಗದ

ನಿರುಪಮಾಗೆ ವಿಷಯ ಗೊತ್ತಾದದ್ದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ದಿನ ಮಧ್ಯಾಹ್ನ, ಅಕ್ಕನ ಕೋಣೆಯಲ್ಲಿ, ಏನೋ ಮಾತಿಗೆಂದು ಕೇಳಿದ ಒಂದು ಪ್ರಶ್ನೆಯಿಂದ.

ಬೆಳಗ್ಗೆ ಆರಕ್ಕೆ ತಾನಿರುವ ನೇಪರ್‌ವಿಲ್ ಬಿಟ್ಟು, ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದಿದ್ದಳು. ಪ್ಲಿಮತ್‌ನ ಆರೈಕೆ ಬೇಕಾದವರನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಆ ನರ್ಸಿಂಗ್ ಹೋಮಿಗೆ ಆಸ್ಪತ್ರೆಯಿಂದ ಬಂದು ಅಕ್ಕ ಇಂದುಮತಿ ಸೇರಿ ಏಳು ವಾರ ಕಳೆದಿತ್ತು. ಸೆಪ್ಟೆಂಬರ್ ಕೊನೆಯಲ್ಲಿ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ತುಂಡುತುಂಡಾಗಿತ್ತು. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಅವಳಿಗೆ ನುಂಗಲು ಬರುತ್ತಿರಲಿಲ್ಲ. ಹೊಟ್ಟೆಗೆ ಟ್ಯೂಬು ಹಾಕಿ ಪಂಪಿನಿಂದ ಆಹಾರ ಕೊಡುತ್ತಿದ್ದರು. ಅಕ್ಟೋಬರಿನಲ್ಲಿ ನಿರುಪಮಾ ರಜೆ ಹಾಕಿ ಹತ್ತು ದಿನ ಇದ್ದಾಗ ಒಬ್ಬಳು ಸ್ಪೀಚ್ ಥೆರಪಿಸ್ಟ್ ದಿನಾ ಬರುತ್ತಿದ್ದಳು. ನಾಲಗೆಯ ಮೇಲೆ ಐಸಿನ ಚೂರು ಇಟ್ಟು, ಗಂಟಲಿನ ಮೇಲೆ ಎರಡು ಬೆರಳು ಒತ್ತಿ ಹಿಡಿದು, ಎಪ್ಪತ್ತೊಂದು ವರ್ಷದ ಹೆಂಗಸಿಗೆ ನುಂಗುವುದನ್ನು ಮೊದಲಿನಿಂದ ಕಲಿಸುತ್ತಿದ್ದಳು.

"ಭಾವ, ಆ ಥೆರಪಿಸ್ಟ್‌ಗೆ ಇವತ್ತು ರಜೆಯಾ?" ಎಂದು ಕೇಳಿದಳು ನಿರುಪಮಾ.

ರಘೋತ್ತಮ ಹೆಂಡತಿಯ ಕಾಲ ಮೇಲಿನ ಶಾಲು ಸರಿಮಾಡುತ್ತಿದ್ದರು. "ಅವಳು ಬರ್ತಿಲ್ಲಮ್ಮ. ಒಂದು ತಿಂಗಳಾಯ್ತು."

ಮಿಕ್ಕದ್ದನ್ನು ಕಾರಿಡಾರಿಗೆ ಕರೆದುಕೊಂಡು ಹೋಗಿ ಹೇಳಿದರು. ಅಕ್ಟೋಬರ್ ಇಪ್ಪತ್ತೆರಡರಂದು ಕೆಳಗಿನ ಬಿಲ್ಲಿಂಗ್ ಆಫೀಸಿನಿಂದ ಕರೆ ಬಂದಿತ್ತು. ಅಲ್ಲಿ ಡೆನೀಸ್ ಎಂಬ ಹೆಂಗಸು ಇನ್ಶೂರೆನ್ಸ್ ಕಂಪನಿಯ ಕಾಗದವೊಂದನ್ನು ಕೈಗಿತ್ತಳು. ಇಂದುಮತಿಯ ಖರ್ಚನ್ನು ಕಂಪನಿ ಇಪ್ಪತ್ತನಾಲ್ಕನೇ ತಾರೀಕಿನ ನಂತರ ಕೊಡುವುದಿಲ್ಲ ಎಂದಿತ್ತು ಅದರಲ್ಲಿ. ಸೇರಿದ ದಿನದಿಂದ ಎಣಿಸಿದರೆ ಅದು ಹತ್ತೊಂಬತ್ತನೆಯ ದಿನ. ಗಂಡ ಹೆಂಡತಿ ಇಬ್ಬರೂ ಹಲ್ಲು, ಕನ್ನಡಕದ ಖರ್ಚೂ ಸೇರುತ್ತದೆಂದು ವಯಸ್ಸಾದವರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆಯ ಬದಲು ಖಾಸಗಿ ಕಂಪನಿಯೊಂದರ ಪ್ಲಾನ್ ತೆಗೆದುಕೊಂಡಿದ್ದರು. ಬೇಕಾದರೆ ನೂರು ದಿನದವರೆಗೂ ನರ್ಸಿಂಗ್ ಹೋಮಿಗೆ ಕೊಡುವ ಪ್ಲಾನ್ ಅದು. ಈಗೇನು ಮಾಡುವುದೆಂದು ರಘೋತ್ತಮ ಕೇಳಿದ್ದಕ್ಕೆ ಡೆನೀಸ್, ಅಪೀಲು ಮಾಡಲು ಕಾಗದದ ಕೆಳತುದಿಯಲ್ಲಿ ನಂಬರು ಇದೆ, ಆದರೆ ಅದರಿಂದ ಪ್ರಯೋಜನವಾದದ್ದನ್ನು ತಾನಂತೂ ಕಂಡಿಲ್ಲ ಎಂದಳು. ಹಾಸಿಗೆ ಕೈತಪ್ಪಬಾರದೆಂದರೆ ಇವತ್ತೇ ಸ್ವಂತ ಖರ್ಚಿಗೆ ಬದಲಾಯಿಸುವುದು ಒಳ್ಳೆಯದು ಎಂದು ಇನ್ನೊಂದು ಕಾಗದ ಮುಂದಿಟ್ಟಳು. ದಿನಕ್ಕೆ ನಾನೂರ ಹನ್ನೆರಡು ಡಾಲರ್. ಥೆರಪಿ ಬೇರೆ. ರಘೋತ್ತಮ ಥೆರಪಿ ಬಿಟ್ಟು ಉಳಿದದ್ದಕ್ಕೆ ಸಹಿ ಹಾಕಿದರು.

"ಹಾಸಿಗೆ, ನರ್ಸು, ಟ್ಯೂಬು ಇಷ್ಟಿರಲಿ, ಥೆರಪಿ ಆಮೇಲೆ ನೋಡೋಣ ಅಂದ್ಕೊಂಡೆ" ಎಂದರು. ಪ್ರತಿದಿನ ಫೋನಿನಲ್ಲಿ ನಿರುಪಮಾ ಕೇಳಿದಾಗಲೆಲ್ಲ ಇನ್ಶೂರೆನ್ಸ್‌ನವರು ನೋಡಿಕೊಳ್ಳುತ್ತಿದ್ದಾರೆ ಎಂದೇ ಹೇಳುತ್ತಿದ್ದರು.

"ನಂಗ್ಯಾಕೆ ಹೇಳ್ಲಿಲ್ಲ? ನಾನು ಮಾಡೋ ಕೆಲಸ ಏನು ಅಂತ ನಿಮಗೆ ಗೊತ್ತಲ್ವಾ ಭಾವ?"

"ಅದಕ್ಕೇ ಹೇಳ್ಲಿಲ್ಲ. ನೀನು ಅದೇ ಲೈನಿನಲ್ಲಿರೋಳು. ಅವರು ಕೊಡಲ್ಲ ಅಂದ್ರೆ ಅದಕ್ಕೊಂದು ಕಾರಣ ಇದ್ದೇ ಇರತ್ತೆ ಅಂತ ನೀನೇ ಎಷ್ಟು ಸಲ ಹೇಳಿದೀಯ, ನಮ್ಮ ಮನೇಲೇ ಕೂತ್ಕೊಂಡು."

ಅವಳು ಹಾಗೆ ಹೇಳಿದ್ದು ನಿಜವಾಗಿತ್ತು. ನಿರುಪಮಾ ಹದಿನಾಲ್ಕು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದವಳು. ರೋಗಿಗಳನ್ನು ಎತ್ತಿ ಕೂರಿಸಿ ಬೆನ್ನಿನ ಡಿಸ್ಕ್ ಜಾರಿದ ಮೇಲೆ ಕೂತು ಮಾಡುವ ಕೆಲಸ ಹುಡುಕಿಕೊಂಡಳು. ಓಕ್ ಬ್ರೂಕ್‌ನ ಗಾಜಿನ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಇನ್ಶೂರೆನ್ಸ್ ಕಂಪನಿಗಳ ಪರವಾಗಿ ನರ್ಸಿಂಗ್ ಹೋಮಿನ ರೋಗಿಗಳ ಫೈಲು ನೋಡಿ, ಇನ್ನೆಷ್ಟು ದಿನ ಖರ್ಚು ಕೊಡಬೇಕೆಂದು ಶಿಫಾರಸು ಮಾಡುವ ಕೆಲಸ. ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಅಕ್ಕನ ಕಂಪನಿ ಅವರ ಗಿರಾಕಿಯಾಗಿರಲಿಲ್ಲ. ಆದರೂ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಆ ಕಾಗದ ಬಿಚ್ಚಿದಾಗ ಅವಳಿಗೆ ಓದುವ ಅಗತ್ಯವೇ ಬೀಳಲಿಲ್ಲ. ರೋಗಿಯಲ್ಲಿ ಗಮನಾರ್ಹ ಪ್ರಗತಿ ಕಾಣುತ್ತಿಲ್ಲ, ಮುಂದೆ ಬೇಕಾಗಿರುವ ಆರೈಕೆಯನ್ನು ತರಬೇತಿ ಇಲ್ಲದವರೂ ಕೊಡಬಹುದು. ಅವಳ ಕಂಪ್ಯೂಟರಿನಲ್ಲಿ ಈ ಮಾತನ್ನು ಟೈಪ್ ಮಾಡಬೇಕಾಗಿರಲಿಲ್ಲ. ಪಟ್ಟಿಯಲ್ಲಿ ಹುಡುಕಿ ಒತ್ತಿದರೆ ಸಾಕು, ಅಕ್ಷರ ಅಕ್ಷರವೂ ಹೀಗೆಯೇ ಕಾಗದಕ್ಕೆ ಇಳಿಯುತ್ತಿತ್ತು. ಎರಡು ಕಂಪನಿಯವರೂ ಒಂದೇ ಸಾಫ್ಟ್‌ವೇರ್ ಕೊಂಡಿದ್ದರು.

ಸಂಜೆ ಭಾವನ ಮನೆಯ ಊಟದ ಮೇಜಿನಲ್ಲಿ ಅವಳು ಇದನ್ನು ಮುಚ್ಚಿಡದೆ ಹೇಳಿದಳು. ರಘೋತ್ತಮ ಬಹಳ ಹೊತ್ತು ಮೊಸರನ್ನದಲ್ಲಿ ಬೆರಳಾಡಿಸುತ್ತಿದ್ದರು. ಆಟೋ ಬಿಡಿಭಾಗಗಳ ಕಂಪನಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು, ಸಾಧು ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ.

"ನೀನು ಕಳಿಸಿದ ಕಾಗದ ಹೋದ ಮನೆಗಳಲ್ಲಿ ಅಪೀಲು ಮಾಡೋರು ಎಷ್ಟು ಜನ?" ಎಂದರು ಕೊನೆಗೆ.

"ನೂರರಲ್ಲಿ ಒಬ್ಬರೂ ಇರ್ತಿರ್ಲಿಲ್ಲ."

"ಮಾಡಿದೋರು?"

"ಮಾಡಿದೋರಲ್ಲಿ ಸುಮಾರು ಜನ ಗೆಲ್ತಿದ್ರು ಭಾವ."

ರಘೋತ್ತಮ ತಟ್ಟೆ ತೆಗೆದುಕೊಂಡು ಎದ್ದು ಹೋಗಿ, ಸಿಂಕಿನಲ್ಲಿ ನೀರು ಬಿಟ್ಟುಕೊಂಡು ತೊಳೆಯತೊಡಗಿದರು. ನಿರುಪಮಾಗೆ ಮೈಯೆಲ್ಲ ಉರಿಯುತ್ತಿತ್ತು. ಆ ಕಂಪನಿಯ ಮೇಲೆ, ಡೆನೀಸ್ ಮೇಲೆ, ಓದದೆ ಸಹಿ ಹಾಕಿದ ಭಾವನ ಮೇಲೆ. ಆದರೆ ಒಬ್ಬೊಬ್ಬರನ್ನು ಬೈದುಕೊಂಡಾಗಲೂ ಅದು ಸುತ್ತಿ ತನಗೇ ಬಂದು ತಾಗುತ್ತಿತ್ತು.

ಮಾರನೆಯ ದಿನ ಅವಳು ಮೊದಲು ಹೋದದ್ದು ಅಕ್ಕನ ಹತ್ತಿರ. ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ರಘೋತ್ತಮ ಎಷ್ಟೋ ಕೇಳಿಕೊಂಡರು. ನಿರುಪಮಾ ಒಪ್ಪಲಿಲ್ಲ. ಇಂದುಮತಿ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ರಕ್ತದ ಸ್ಲೈಡುಗಳನ್ನು ನೋಡಿದವಳು. ಆ ಮನೆಯ ಟ್ಯಾಕ್ಸು, ವಿಮೆ, ಬ್ಯಾಂಕು ಎಲ್ಲ ಅವಳ ಕೈಯಲ್ಲೇ ಇತ್ತು. ಹೋಟೆಲಿನ ಬಿಲ್ಲನ್ನು ಕೂಡ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿ, ತಪ್ಪಿದ್ದರೆ ಮ್ಯಾನೇಜರನ್ನು ಕರೆಸುವವಳು. ಅವಳ ಬಗ್ಗೆ ಬಂದ ಕಾಗದವನ್ನು ಅವಳಿಗೇ ತೋರಿಸಿರಲಿಲ್ಲ.

ಇಂದುಮತಿ ಎಡಗೈಯಲ್ಲಿ ಕಾಗದ ಹಿಡಿದು ಓದಿದಳು. ಎರಡು ಪುಟಕ್ಕೆ ಅರ್ಧ ಗಂಟೆ ಹಿಡಿಯಿತು. ಪ್ರಗತಿ ಇಲ್ಲ ಎಂಬ ಸಾಲಿಗೆ ಬಂದಾಗ ನಿಂತಳು, ಮೇಲಕ್ಕೆ ಹೋಗಿ ಮತ್ತೆ ಓದಿದಳು. ಆಮೇಲೆ ಗಂಡನ ಕಡೆ ನೋಡಿ, ಮಂಚದ ಸರಳಿಗೆ ಎಡ ಮುಷ್ಟಿಯಿಂದ ಗುದ್ದಿದಳು. ಒಂದಲ್ಲ, ನಾಲ್ಕೈದು ಸಲ. ನರ್ಸು ಬಾಗಿಲಿಗೆ ಬಂದು ನೋಡಿ ಹೋದಳು.

"ನನ್... ನನ್ ಕಾಗ್ದ" ಎಂದಳು ಇಂದುಮತಿ. "ನಂಗೆ... ಕೊಡ್ಬೇಕಿತ್ತು."

ಅಕ್ಕನ ಪರವಾಗಿ ತಾನು ಅಪೀಲು ನಡೆಸಲು ಒಂದು ಒಪ್ಪಿಗೆಪತ್ರ ಬೇಕೆಂದು ನಿರುಪಮಾ ಹೇಳಿದಳು. ಭಾವನಿಂದ ಸಹಿ ಹಾಕಿಸಲು ನೋಡಿದರೆ ಇಂದುಮತಿ ಪೆನ್ನಿಗೆ ಕೈ ಚಾಚಿದಳು. ಎಂದೂ ಬರೆಯದ ಎಡಗೈಯಿಂದ, ನಾಲಗೆ ಕಚ್ಚಿಕೊಂಡು, ಗೆರೆ ದಾಟಿ ಸೊಟ್ಟಪಟ್ಟ ಹೋದ ಇಂಗ್ಲಿಷ್ ಅಕ್ಷರಗಳಲ್ಲಿ ತನ್ನ ಪೂರ್ತಿ ಹೆಸರು ಬರೆದಳು.

ಇಪ್ಪತ್ತೆರಡರ ಕಾಗದಕ್ಕೆ ಎರಡು ದಿನದೊಳಗೆ ಮಾಡಬೇಕಾಗಿದ್ದ ತುರ್ತು ಅಪೀಲಿನ ಗಡುವು ಯಾವತ್ತೋ ಮುಗಿದಿತ್ತು. ಉಳಿದದ್ದು ಮಾಮೂಲು ಅಪೀಲು, ಅದಕ್ಕೂ ಮೂರು ವಾರವಷ್ಟೇ ಬಾಕಿ. ನಿರುಪಮಾ ವರ್ಷದ ಕೊನೆಯವರೆಗೂ ರಜೆ ಹಾಕಿ, ನರ್ಸಿಂಗ್ ಹೋಮಿನಿಂದ ಅಕ್ಕನ ದಿನದಿನದ ಚಿಕಿತ್ಸೆ ಬರೆದಿಟ್ಟ ಚಾರ್ಟಿನ ಪ್ರತಿ ಪುಟವನ್ನೂ ಕೇಳಿ ತೆಗೆಸಿದಳು. ಇನ್ಶೂರೆನ್ಸ್ ಕಂಪನಿಗೆ ಬರೆದು ಅವರ ಫೈಲನ್ನೂ ಕೇಳಿದಳು. ರೋಗಿ ಕೇಳಿದರೆ ಕೊಡಲೇಬೇಕೆಂಬ ನಿಯಮ ಅವಳಿಗೆ ಗೊತ್ತಿತ್ತು. ತನ್ನ ಆಫೀಸಿನಲ್ಲಿ ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಎಂಬುದೂ ಗೊತ್ತಿತ್ತು.

ಕಂಪನಿಯ ಫೈಲು ಡಿಸೆಂಬರ್ ಎರಡನೇ ವಾರ ಬಂತು. ಆ ಶನಿವಾರ ಭಾವನ ಮನೆಯಲ್ಲಿ ಅದನ್ನು ಹರಡಿಕೊಂಡು ಕೂತಾಗ ಸಂಗಮೇಶ್ ಕೂಡ ಇದ್ದರು. ಧಾರವಾಡದ ಕಡೆಯವರು, ಹತ್ತಿರದ ಕ್ಯಾಂಟನ್‌ನಲ್ಲಿರುವ ರಘೋತ್ತಮರ ಹಳೇ ಸಹೋದ್ಯೋಗಿ. ಇಂದುಮತಿ ಆಸ್ಪತ್ರೆ ಸೇರಿದಂದಿನಿಂದ ವಾರಕ್ಕೊಮ್ಮೆ ಬರುವುದನ್ನು ತಪ್ಪಿಸಿರಲಿಲ್ಲ. ಈ ಅಪೀಲು ಗಿಪೀಲು ಬೇಡವೆಂದು ಅವರು ಮೊದಲಿನಿಂದ ಹೇಳುತ್ತಿದ್ದರು. ಇಷ್ಟು ದೊಡ್ಡ ಕಂಪನಿಯ ಜೊತೆ ಜಗಳಕ್ಕೆ ನಿಂತು ಗೆದ್ದವರನ್ನು ತಾವು ಕಂಡಿಲ್ಲ, ಇರುವ ದುಡ್ಡೂ ವಕೀಲರ ಪಾಲಾಗುತ್ತದೆ ಎಂಬುದು ಅವರ ವಾದ.

ನಿರುಪಮಾ ಒಂದು ಪುಟದ ಮೇಲೆ ಬೆರಳಿಟ್ಟಳು. ರೋಗಿ ಬಿಡುಗಡೆಯಾಗಬಹುದಾದ ದಿನ ಅಕ್ಟೋಬರ್ ಇಪ್ಪತ್ತನಾಲ್ಕು ಎಂದಿತ್ತು. ಆ ದಿನವನ್ನು ಫೈಲಿಗೆ ಬರೆದದ್ದು ಅಕ್ಟೋಬರ್ ಆರು, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಆಮೇಲೆ ಅವಳು ನರ್ಸಿಂಗ್ ಹೋಮಿನ ಚಾರ್ಟ್ ತೆಗೆದಳು. ಅದರ ಮೊದಲ ಪುಟದಲ್ಲಿ ಅದೇ ದಿನ ಐದೂವರೆಗೆ ಅಕ್ಕನನ್ನು ಆಸ್ಪತ್ರೆಯಿಂದ ಕರೆತಂದ ಆಂಬ್ಯುಲೆನ್ಸ್ ಬಂದದ್ದು ಬರೆದಿತ್ತು. ವಯಸ್ಸು, ಕಾಯಿಲೆ, ಪಿನ್‌ಕೋಡು ಹಾಕಿದರೆ ಕಂಪ್ಯೂಟರ್ ಒಂದು ತಾರೀಕು ಕೊಡುತ್ತದೆ ಎಂದು ವಿವರಿಸಿದಳು. ಅಕ್ಕ ಅಲ್ಲಿಗೆ ಬಂದು ಸೇರುವ ಮೊದಲೇ ಅವಳಿಗೆ ಹತ್ತೊಂಬತ್ತು ದಿನ ಎಂದು ತೀರ್ಮಾನವಾಗಿತ್ತು.

ಸಂಗಮೇಶ್ ಎರಡೂ ಪುಟ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಆಕಿ ಮುಖಾ ನೋಡೂದಕ್ಕಿಂತ ಮೊದಲ ದಿನಾ ಎಣಿಸ್ಯಾರಲ್ಲ" ಎಂದರು. ಪುಟ ಕೆಳಗಿಟ್ಟು, ರಘೋತ್ತಮರ ಕಡೆ ತಿರುಗಿ, "ರಾಯರ, ನಾ ಹೇಳಿದ್ದು ಬಿಡ್ರಿ. ಇದನ್ನ ಬಿಡಬ್ಯಾಡ್ರಿ" ಎಂದರು.

ಅಪೀಲಿಗೆ ಆಧಾರವಾಗಿ ಇನ್ನೂ ಎರಡು ಸಂಗತಿ ಸಿಕ್ಕವು. ಒಂದು, ಚಾರ್ಟಿನಲ್ಲಿದ್ದದ್ದು. ಮೊದಲ ವಾರ ಇಂದುಮತಿ ಒಂದು ಚಮಚ ರಸವನ್ನೂ ಕೆಮ್ಮದೆ ನುಂಗಿರಲಿಲ್ಲ. ಅಕ್ಟೋಬರ್ ಇಪ್ಪತ್ತೊಂದರ ಥೆರಪಿಸ್ಟ್ ಟಿಪ್ಪಣಿಯಲ್ಲಿ, ಗಟ್ಟಿ ಮಾಡಿದ ಹಣ್ಣಿನ ರಸದ ಐದು ಚಮಚಗಳಲ್ಲಿ ಮೂರನ್ನು ಸರಿಯಾಗಿ ನುಂಗಿದಳು, ಇನ್ನು ಆರರಿಂದ ಎಂಟು ವಾರ ಬಿಡದೆ ಮಾಡಿಸಿದರೆ ಬಾಯಿಂದ ಊಟ ಶುರುವಾಗುವ ಸಂಭವ ಚೆನ್ನಾಗಿದೆ ಎಂದಿತ್ತು. ಮಾರನೇ ದಿನವೇ ಪ್ರಗತಿ ಇಲ್ಲವೆಂಬ ಕಾಗದ ಬಂದಿತ್ತು. ನಿರುಪಮಾಳ ಮಗಳು ಜಾನ್ವಿ ಹತ್ತಿರದಲ್ಲೇ ಇರುವ ಆನ್ ಆರ್ಬರ್‌ನಲ್ಲಿ ಓದುತ್ತಿದ್ದಳು. ಬಿಡುವಾದಾಗ ದೊಡ್ಡಮ್ಮನನ್ನು ನೋಡಲು ಬರುತ್ತಿದ್ದಳು. ಆ ಇಪ್ಪತ್ತೊಂದನೇ ತಾರೀಕು ಅವಳು ಅಲ್ಲೇ ಇದ್ದು ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದಳು. "ಐ ಥಾಟ್ ಯು ನ್ಯೂ, ಅಮ್ಮ" ಎಂದು ಕಳಿಸಿದಳು. ನಲವತ್ತು ಸೆಕೆಂಡಿನ ಆ ವಿಡಿಯೋದಲ್ಲಿ ಅಕ್ಕನ ಗಂಟಲು ಮೇಲೆದ್ದು ಕೆಳಗಿಳಿಯುವುದು ಕಾಣುತ್ತಿತ್ತು. ಪಕ್ಕದಿಂದ ಥೆರಪಿಸ್ಟ್ ಸುಂದರವಾಗಿ ನುಂಗಿದಿರಿ ಎನ್ನುವುದೂ ಕೇಳುತ್ತಿತ್ತು.

ಎರಡನೆಯದು ಖಾಸಗಿ ಕಂಪನಿಗಳೂ ಪಾಲಿಸಲೇಬೇಕಾದ ಮೆಡಿಕೇರ್ ನಿಯಮದ ಪುಸ್ತಕದ ಒಂದು ಸಾಲು. ದಿನದ ಕ್ಯಾಲೊರಿಯಲ್ಲಿ ಶೇಕಡ ಇಪ್ಪತ್ತಾರಾದರೂ, ಜೊತೆಗೆ ಅರ್ಧ ಲೀಟರಿಗಿಂತ ಮೇಲೆ ದ್ರವವೂ ಟ್ಯೂಬಿನಿಂದ ಹೋಗುತ್ತಿದ್ದರೆ ಅದು ತರಬೇತಿ ಪಡೆದ ನರ್ಸಿನದೇ ಕೆಲಸ ಎಂದು ಸರ್ಕಾರದ ನಿಯಮ ನೇರವಾಗಿ ಹೇಳುತ್ತದೆ. ರೋಗಿ ಸುಧಾರಿಸಿದರೆ ಮಾತ್ರ ಕೊಡುತ್ತೇವೆ ಎನ್ನುವಂತಿಲ್ಲ ಎಂದೂ ಹೇಳುತ್ತದೆ. ಇಂದುಮತಿಗೆ ಹೋಗುತ್ತಿದ್ದದ್ದೆಲ್ಲ ಟ್ಯೂಬಿನಿಂದಲೇ. ಈ ಸಾಲು ಓಕ್ ಬ್ರೂಕ್‌ನ ತನ್ನ ತರಬೇತಿಯ ಹಾಳೆಗಳಲ್ಲಿ ಇತ್ತೇ ಎಂದು ನಿರುಪಮಾ ನೆನಪಿಸಿಕೊಳ್ಳಲು ನೋಡಿದಳು. ಇತ್ತು. ಒಂದು ಮಧ್ಯಾಹ್ನ ಯಾರೋ ಓದಿ ಹೇಳಿ ಪುಟ ತಿರುಗಿಸಿದ್ದರು.

ಥೆರಪಿಯನ್ನು ಸ್ವಂತ ಖರ್ಚಿನಲ್ಲಿ ಡಿಸೆಂಬರಿನಲ್ಲಿ ಮತ್ತೆ ಶುರುಮಾಡಿಸಿದರು. ಆ ಹಳೆಯ ಹುಡುಗಿ ಕೆಲಸ ಬಿಟ್ಟು ಹೋಗಿದ್ದಳು, ಹೊಸಬರು ಬಂದರು. ಮೊದಲ ದಿನ ಇಂದುಮತಿ ಐಸಿನ ಚೂರಿಗೇ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡಳು.

ಹೊಸ ವರ್ಷಕ್ಕೆ ಆಫೀಸಿಗೆ ಹಿಂತಿರುಗಿದ ನಿರುಪಮಾಳ ಮುಂದೆ ಜೋಲಿಯೆಟ್‌ನ ಎಂಬತ್ತು ವರ್ಷದ ಮುದುಕರೊಬ್ಬರ ಫೈಲು ಬಂತು. ಟ್ಯೂಬಿನ ಆಹಾರ, ಹದಿನೇಳನೇ ದಿನ, ಕಂಪ್ಯೂಟರ್ ಕೊಟ್ಟ ತಾರೀಕು ಮಾರನೇ ದಿನಕ್ಕೆ ಮುಗಿಯುತ್ತಿತ್ತು. ಅವಳು ಇನ್ನೂ ನಾಲ್ಕು ವಾರ ಕೊಡಬೇಕೆಂದು ಬರೆದಳು. ಮುಂದಿನದಕ್ಕೂ, ಅದರ ಮುಂದಿನದಕ್ಕೂ ಚಾರ್ಟ್ ಪೂರ್ತಿ ಓದಿಯೇ ಬರೆದಳು. ಮೂರನೇ ವಾರ ಮೇಲಧಿಕಾರಿ ಕರೆದು, ಯಾರು ಎಷ್ಟು ದಿನ ಶಿಫಾರಸು ಮಾಡಿದ್ದಾರೆಂಬ ಗ್ರಾಫ್ ತೋರಿಸಿದ. ಎಲ್ಲರ ಗೆರೆಯೂ ಕಂಪ್ಯೂಟರಿನ ಗೆರೆಗೆ ಅಂಟಿಕೊಂಡಿತ್ತು, ಅವಳದೊಂದು ಮೇಲೆ ಹೋಗಿತ್ತು. ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಬಹಳ ಮೃದುವಾಗಿ ಕೇಳಿದ. ತೊಂದರೆ ಮನೆಯಲ್ಲಲ್ಲ, ಈ ಗೆರೆಯಲ್ಲಿದೆ ಎಂದಳು. ಫೆಬ್ರವರಿಯಲ್ಲಿ ಒಂದು ದಿನ ಅವಳ ಲಾಗಿನ್ ಕೆಲಸ ಮಾಡಲಿಲ್ಲ. ಅವಳ ಸಾಮಾನು ತುಂಬಿಕೊಳ್ಳಲು ಸೆಕ್ಯುರಿಟಿಯವನು ಖಾಲಿ ಪೆಟ್ಟಿಗೆ ಹಿಡಿದು ಬಂದು ಪಕ್ಕದಲ್ಲಿ ನಿಂತ.

ಗಂಡ ಸತ್ಯ ಎರಡು ದಿನ ರೇಗಾಡಿದರು. ಜಾನ್ವಿಯ ಫೀಸು, ಮನೆ ಸಾಲ, ಅಕ್ಕನಿಗೋಸ್ಕರ ಕೆಲಸ ಕಳೆದುಕೊಂಡೆಯಲ್ಲ ಎಂದರು. ಅಕ್ಕನಿಗೋಸ್ಕರ ಅಲ್ಲ ಎಂದಷ್ಟೇ ಹೇಳಿದಳು ನಿರುಪಮಾ. ಆ ಆರು ವರ್ಷದಲ್ಲಿ ತನ್ನ ಕಾಗದ ಹೋದ ಮನೆಗಳನ್ನು ಲೆಕ್ಕ ಹಾಕಲು ಶುರುಮಾಡಿದ್ದಳು, ಮಧ್ಯದಲ್ಲೇ ಬಿಟ್ಟಿದ್ದಳು.

ಮೊದಲ ಅಪೀಲನ್ನು ಕಂಪನಿ ತಳ್ಳಿಹಾಕಿತ್ತು, ಅದೇ ವಾಕ್ಯಗಳಲ್ಲಿ. ಎರಡನೆಯದು ಕಂಪನಿಯ ಹೊರಗಿನ ಪರಿಶೀಲಕರ ಕೈಗೆ ಹೋಗಿ ಮಾರ್ಚಿನಲ್ಲಿ ಅದೂ ಬಿತ್ತು. ಅದೇ ತಿಂಗಳು ಇಂದುಮತಿಗೆ ನುಂಗುವುದರ ಎಕ್ಸ್‌ರೇ ಮಾಡಿಸಿದರು. ರಸ ಹೊಟ್ಟೆಯ ಬದಲು ಶ್ವಾಸಕೋಶದ ದಾರಿ ಹಿಡಿಯುವುದು ಪರದೆಯ ಮೇಲೆ ಎಲ್ಲರಿಗೂ ಕಾಣಿಸಿತು. ಇನ್ನು ಬಾಯಿಂದ ಕೊಡುವ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಮೊದಲ ಮೂರು ತಿಂಗಳೇ ಮುಖ್ಯ, ಆಗ ಬಿಡದೆ ಮಾಡಿಸಿದ್ದರೆ ಬಂದಿರಬಹುದಾಗಿತ್ತು, ಬರದೆಯೂ ಇರಬಹುದಾಗಿತ್ತು, ಯಾರೂ ಖಚಿತವಾಗಿ ಹೇಳಲಾರರು ಎಂದರು.

ಯಾರೂ ಖಚಿತವಾಗಿ ಹೇಳಲಾರರು. ಕಾರಿನಲ್ಲಿ ಬರುವಾಗ ಈ ಮಾತು ನಿರುಪಮಾಳನ್ನು ಉಳಿದೆಲ್ಲಕ್ಕಿಂತ ಹೆಚ್ಚು ಸುಟ್ಟಿತು. ಆ ಕಾಗದ ಬರೆದವರಿಗೆ ಜೀವಮಾನವಿಡೀ ಇದೊಂದು ರಕ್ಷಣೆ.

ಇನ್ನು ಸಾಕು ಎಂದರು ರಘೋತ್ತಮ ಆ ಸಂಜೆ. ದುಡ್ಡು ಹೋದರೆ ಹೋಯಿತು, ಅವಳಿಗೆ ಬೇಕಾದದ್ದು ಇನ್ನು ಬರುವುದಿಲ್ಲ. ನಿರುಪಮಾ ಕೇಳಲಿಲ್ಲ. ಮುಂದಿನ ಮೆಟ್ಟಿಲು ನ್ಯಾಯಾಧೀಶರದು. ಅಲ್ಲಿಗೆ ಬೇಕಾದ ಅಪೀಲು ಬರೆದು, ಅಕ್ಕನಿಗೆ ಓದಿ ಹೇಳಿ, ಇಂದುಮತಿ ಎರಡು ಕಡೆ ಬೆರಳಿಟ್ಟು ತೋರಿಸಿದ ತಪ್ಪುಗಳನ್ನು ತಿದ್ದಿ ಕಳಿಸಿದಳು.

ವಿಚಾರಣೆ ಮೇ ಹನ್ನೆರಡರ ಬೆಳಗ್ಗೆ ಹತ್ತಕ್ಕೆ, ಫೋನಿನ ಮೇಲೆ. ರಘೋತ್ತಮರ ಊಟದ ಮೇಜಿನ ನಡುವೆ ಸ್ಪೀಕರ್ ಇಟ್ಟುಕೊಂಡು ಇಬ್ಬರೂ ಕೂತರು. ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು. ನ್ಯಾಯಾಧೀಶರು ವಯಸ್ಸಾದ ಹೆಂಗಸು. ನಿಧಾನ ಮಾತು, ನಡುನಡುವೆ ಪುಟ ತಿರುಗಿಸುವ ಸದ್ದು. ಕಂಪನಿಯ ಪರವಾಗಿ ಅಕ್ಕನ ಖರ್ಚು ನಿಲ್ಲಿಸಲು ಒಪ್ಪಿಗೆ ಕೊಟ್ಟಿದ್ದ ಡಾಕ್ಟರು ಬೇರೊಂದು ರಾಜ್ಯದಿಂದ ಸೇರಿದ್ದರು. ಟ್ಯೂಬಿನ ಆರೈಕೆಯನ್ನು ಮನೆಯವರೂ ಕಲಿಯಬಹುದು, ರೋಗಿ ಒಂದು ಮಟ್ಟಕ್ಕೆ ಬಂದು ನಿಂತಿದ್ದರು ಎಂದು ಅವರು ಹೇಳಿದರು.

"ದಿನದ ಆಹಾರದಲ್ಲಿ ಎಷ್ಟು ಪಾಲು ಟ್ಯೂಬಿನಿಂದ ಹೋಗುತ್ತಿತ್ತು ಡಾಕ್ಟರ್?" ಎಂದು ಕೇಳಿದರು ನ್ಯಾಯಾಧೀಶರು.

"ಅದು ನನ್ನ ಮುಂದಿರುವ ಸಾರಾಂಶದಲ್ಲಿಲ್ಲ."

"ಪೂರ್ತಿ" ಎಂದಳು ನಿರುಪಮಾ. "ಚಾರ್ಟಿನ ಪ್ರತಿ ಪುಟದಲ್ಲೂ ಇದೆ."

ಪ್ರಶ್ನೆ ಕೇಳಲು ಅವಳಿಗೆ ಅವಕಾಶ ಸಿಕ್ಕಿತು. ಇಪ್ಪತ್ತೊಂದನೇ ತಾರೀಕಿನ ಥೆರಪಿಸ್ಟ್ ಟಿಪ್ಪಣಿ ಓದಿದ್ದೀರಾ ಎಂದು ಕೇಳಿದಳು. ತಮ್ಮ ತೀರ್ಮಾನದ ಹೊತ್ತಿಗೆ ಅದು ಬಂದಿರಲಿಲ್ಲ ಎಂದರು ಡಾಕ್ಟರು. ಬಿಡುಗಡೆಯ ತಾರೀಕನ್ನು ರೋಗಿ ಬರುವುದಕ್ಕೆ ಮೊದಲೇ ಯಾರು ಬರೆದರು ಎಂದಳು. ಅದು ಅಂದಾಜು ಮಾತ್ರ ಎಂದರು.

"ನಿಮ್ಮದೇ ಕಂಪನಿಯ ದಾಖಲೆಯಲ್ಲಿ ತೀರ್ಮಾನದ ದಿನ ನೀವು ನನ್ನ ಅಕ್ಕನ ಫೈಲನ್ನು ಎಷ್ಟು ಹೊತ್ತು ತೆರೆದಿದ್ದಿರಿ ಅಂತ ಇದೆ. ನೀವೇ ಹೇಳ್ತೀರಾ, ನಾನು ಓದಲಾ?"

ಅವಳೇ ಓದಿದಳು. ಆರು ನಿಮಿಷ.

ನ್ಯಾಯಾಧೀಶರು ಅವಳ ಉದ್ಯೋಗ ಕೇಳಿದರು. ಈ ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ, ಇಂಥವೇ ಕಾಗದಗಳನ್ನು ಆರು ವರ್ಷ ಬರೆಯುತ್ತಿದ್ದೆ ಎಂದಳು ನಿರುಪಮಾ. "ನನಗೂ ಆರೇಳು ನಿಮಿಷವೇ ಸಾಕಾಗುತ್ತಿತ್ತು. ಅದಕ್ಕೇ ಇವರು ಏನು ಓದಿದ್ದಾರೆ, ಏನು ಓದಿಲ್ಲ ಎಂದು ನನಗೆ ಗೊತ್ತು."

ಕೊನೆಗೆ ನ್ಯಾಯಾಧೀಶರು, ರೋಗಿಯ ಗಂಡ ಏನಾದರೂ ಹೇಳುವುದಿದೆಯೇ ಎಂದರು. ಇಲ್ಲವೆನ್ನುತ್ತಾರೆ ಎಂದೇ ನಿರುಪಮಾ ಅಂದುಕೊಂಡಿದ್ದಳು. ರಘೋತ್ತಮ ಫೋನಿನ ಹತ್ತಿರಕ್ಕೆ ಬಾಗಿದರು.

"ನಾನು ಮೂವತ್ತು ವರ್ಷ ಕಾರಿನ ಬ್ರೇಕಿನ ಭಾಗಗಳನ್ನು ಪರೀಕ್ಷೆ ಮಾಡುತ್ತಿದ್ದೆ" ಎಂದರು. "ಕೈಯಲ್ಲಿ ಹಿಡಿದು ನೋಡದೆ ಒಂದೇ ಒಂದು ಭಾಗವನ್ನೂ ಸರಿ ಎಂದೋ ಕೆಟ್ಟಿದೆ ಎಂದೋ ಬರೆದಿಲ್ಲ. ಬರೆದಿದ್ದರೆ ನನ್ನನ್ನು ಮನೆಗೆ ಕಳಿಸುತ್ತಿದ್ದರು."

ಜೂನಿನಲ್ಲಿ ತೀರ್ಪು ಬಂತು, ಹನ್ನೊಂದು ಪುಟ. ಇಪ್ಪತ್ತನೇ ದಿನದಿಂದ ನೂರನೇ ದಿನದವರೆಗೆ ಪೂರ್ತಿ ಕೊಡಬೇಕಾಗಿತ್ತು, ಕಂಪನಿಯ ತೀರ್ಮಾನ ನಿಯಮಕ್ಕೆ ವಿರುದ್ಧ ಎಂದಿತ್ತು. ಒಂದು ಕಡೆ ಜಾನ್ವಿಯ ವಿಡಿಯೋ ಬಗ್ಗೆಯೂ ಎರಡು ಸಾಲು ಬರೆದಿದ್ದರು. ನಿರುಪಮಾ ಅದನ್ನು ಅಕ್ಕನ ಮಂಚದ ಪಕ್ಕ ಕೂತು ಓದಿದಳು. ಇಂದುಮತಿ ಕಣ್ಣುಮುಚ್ಚಿ ಪೂರ್ತಿ ಕೇಳಿದಳು. ಮುಗಿದ ಮೇಲೆ, "ಅವ್ರಿಗೆ... ಏನ್ ಶಿಕ್ಷೆ?" ಎಂದಳು.

"ಶಿಕ್ಷೆ ಇಲ್ಲ ಅಕ್ಕ. ಅವತ್ತೇ ಕೊಡಬೇಕಾಗಿದ್ದ ದುಡ್ಡು ಈಗ ಕೊಡ್ತಾರೆ. ಅಷ್ಟೇ."

ಇಂದುಮತಿ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

ಕಂಪನಿ ನರ್ಸಿಂಗ್ ಹೋಮಿಗೆ ಕೊಟ್ಟು, ನರ್ಸಿಂಗ್ ಹೋಮು ರಘೋತ್ತಮರಿಂದ ತೆಗೆದುಕೊಂಡದ್ದನ್ನು ಹಿಂತಿರುಗಿಸುವ ಹೊತ್ತಿಗೆ ಜುಲೈ ಮುಗಿಯುತ್ತಾ ಬಂದಿತ್ತು. ಚೆಕ್ ತೆಗೆದುಕೊಳ್ಳಲು ನಿರುಪಮಾ ಭಾವನ ಜೊತೆ ಬಿಲ್ಲಿಂಗ್ ಆಫೀಸಿಗೆ ಹೋದಳು. ಡೆನೀಸ್ ಎದ್ದು ನಿಂತು, ಎರಡು ಕೈಯಲ್ಲೂ ಲಕೋಟೆ ಹಿಡಿದು ಕೊಟ್ಟಳು. ಮುಖದಲ್ಲಿ ನಿಜವಾದ ಸಂತೋಷವೇ ಇತ್ತು.

"ಎಲ್ಲ ಒಳ್ಳೆಯದಾಗಿ ಮುಗಿಯಿತಲ್ಲ, ನನಗೆ ತುಂಬ ಖುಷಿ" ಎಂದಳು.

ರಘೋತ್ತಮ ಲಕೋಟೆಯನ್ನು ಬಿಚ್ಚದೆ ಶರ್ಟಿನ ಜೇಬಿಗೆ ಹಾಕಿಕೊಂಡರು. ಥ್ಯಾಂಕ್ಯೂ ಎಂದು ಹೊರಡುತ್ತಾರೆಂದು ನಿರುಪಮಾ ಬಾಗಿಲಿನತ್ತ ತಿರುಗಿದ್ದಳು. ಅವರು ಕದಲಲಿಲ್ಲ.

"ಮುಗಿದಿಲ್ಲ" ಎಂದರು. ದನಿ ಏರಿರಲಿಲ್ಲ, ಆದರೆ ನಿರುಪಮಾ ಅಂಥ ದನಿಯನ್ನು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. "ನನ್ನ ಹೆಂಡತಿಯನ್ನು ನೀವು ನೋಡಿದ್ದೀರಾ?"

ಡೆನೀಸ್ ತಬ್ಬಿಬ್ಬಾದಳು. ರೋಗಿಗಳ ಭಾಗಕ್ಕೆ ತನಗೆ ಹೋಗುವ ಕೆಲಸ ಬೀಳುವುದಿಲ್ಲ ಎಂದಳು.

"ಹತ್ತು ತಿಂಗಳಾಗುತ್ತಾ ಬಂತು. ಇಲ್ಲಿಂದ ಒಂದು ಲಿಫ್ಟು, ಎರಡು ತಿರುವು. ಬನ್ನಿ."

ಬರದೆ ಇರಲು ಅವಳಿಗೆ ಏನಾದರೂ ನೆಪ ಸಿಗುತ್ತಿತ್ತೋ ಏನೋ, ರಘೋತ್ತಮ ಬಾಗಿಲನ್ನು ತೆರೆದು ಹಿಡಿದು ನಿಂತಿದ್ದರು. ಮೂವರೂ ಲಿಫ್ಟಿನಲ್ಲಿ ಮೇಲೆ ಹೋದರು. ಇಂದುಮತಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಬಾಯಿಯ ಒಂದು ಕಡೆಯಿಂದ ಇಳಿದ ಜೊಲ್ಲನ್ನು ಎಡಗೈಯ ಟವೆಲಿನಿಂದ ಒರೆಸಿಕೊಳ್ಳುತ್ತಿದ್ದಳು. ತನ್ನ ಎಂಜಲನ್ನು ಕೂಡ ನುಂಗಲು ಅವಳಿಗೆ ಬರುತ್ತಿರಲಿಲ್ಲ.

"ಇಂದೂ, ಇವರು ಡೆನೀಸ್. ಸಹಿ ಹಾಕಿಸ್ಕೊಂಡೋರು" ಎಂದರು ರಘೋತ್ತಮ.

ಇಂದುಮತಿ ಟವೆಲನ್ನು ಮಡಿಲಿಗೆ ಇಳಿಸಿ, ಬಂದವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಕಣ್ಣು ತೆಗೆಯಲಿಲ್ಲ. ಡೆನೀಸ್ ಹಲೋ ಎಂದಳು. ರಘೋತ್ತಮ ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದು ತಂದು ಹೆಂಡತಿಯ ಎದುರಿಗೆ, ಮೊಣಕಾಲು ಮುಟ್ಟುವಷ್ಟು ಹತ್ತಿರ ಹಾಕಿದರು. ಡೆನೀಸ್ ಕೂತಳು. ಅವರು ಇಂಗ್ಲಿಷಿನಲ್ಲಿ, ಹೊಸ ಇನ್‌ಸ್ಪೆಕ್ಟರಿಗೆ ಕೆಲಸ ಕಲಿಸುವವರಂತೆ, ಪಂಪು ಯಾವುದು, ಟ್ಯೂಬು ಎಲ್ಲಿಂದ ಒಳಗೆ ಹೋಗುತ್ತದೆ, ಗಂಟೆಗೆ ಎಷ್ಟು ಹೋಗುತ್ತದೆ, ರಾತ್ರಿ ಎಷ್ಟು ಸಲ ಗಂಟಲಿನ ಕಫ ತೆಗೆಯಬೇಕು ಎಂದು ಒಂದೊಂದಾಗಿ ತೋರಿಸತೊಡಗಿದರು. ಕೆಳಗೆ ಯಾರೋ ಕಾಯುತ್ತಿದ್ದಾರೆಂದು ಡೆನೀಸಳ ಫೋನು ಎರಡು ಸಲ ಸದ್ದು ಮಾಡಿತು. ಅವಳು ನಿರುಪಮಾಳ ಮುಖ ನೋಡಿದಳು.

"ಅವರಿನ್ನೂ ಮುಗಿಸಿಲ್ಲ" ಎಂದಳು ನಿರುಪಮಾ.